ಗಂಟಿಲ್ಲದ ಕೌದಿ

ಎಡಚಕ್ಕನ ಎಡಗೈ ಮೂರು ಶಾಲೆಗಳಲ್ಲಿ ಏಟು ತಿಂದಿತ್ತು. ನಾಲ್ಕನೆಯ ಶಾಲೆ ಅದೇ ಕೈಗೆ ಕೆಲಸ ಕೊಟ್ಟಿತು. ಕೊಟ್ಟಿತು ಅಂದರೆ ಪೂರ್ತಿ ಕೊಡಲಿಲ್ಲ, ಮೂಗಿನ ಮುಂದೆ ಹಿಡಿದು ತೋರಿಸಿತು. ಹನ್ನೊಂದು ವರ್ಷಗಳಿಂದ ಆಕೆ ಅಲ್ಲಿ 'ತಾತ್ಕಾಲಿಕ ಹೊಲಿಗೆ ಶಿಕ್ಷಕಿ'. ಅಷ್ಟರಲ್ಲಿ ಶಾಲೆಯ ಗೋಡೆಗೆ ನಾಲ್ಕು ಸಲ ಬಣ್ಣ ಬಳಿದರು, ಮೂವರು ಹೆಡ್‌ಮಿಸ್‌ಗಳು ಬಂದು ಹೋದರು, ನೀರಿನ ಟ್ಯಾಂಕು ಎರಡು ಸಲ ಬಿರುಕು ಬಿಟ್ಟಿತು. ಏನೂ ಆಗದೆ ಕಲ್ಲಿನ ಹಾಗೆ ಉಳಿದದ್ದು ಆ 'ತಾತ್ಕಾಲಿಕ' ಒಂದೇ.

ಎಡಚಕ್ಕ ಅನ್ನುವುದು ಬೀದಿ ಇಟ್ಟ ಹೆಸರು. ಅವಳಮ್ಮನೂ ಎಡಚಿ, ಅಜ್ಜಿಯೂ ಎಡಚಿ. ಅವರ ಮನೆಯಲ್ಲಿ ಎರಡೇ ಕೋಣೆ: ಮುಂದಿನದರಲ್ಲಿ ಕೌದಿ ಹೊಲಿಯುವುದು, ಹಿಂದಿನದರಲ್ಲಿ ಬದುಕುವುದು. ಜನ ಹಳೇ ಬಟ್ಟೆಯ ಮೂಟೆ ತಂದು ಹೊಸ್ತಿಲಲ್ಲಿ ಇಳಿಸುತ್ತಿದ್ದರು. ತೀರಿಹೋದವರ ಅಂಗಿ, ಮಕ್ಕಳಿಗೆ ಗಿಡ್ಡವಾದ ಲಂಗ, ಬಣ್ಣ ಹೋದ ಕಿಟಕಿ ಪರದೆ. ಅಮ್ಮ ಅದನ್ನೆಲ್ಲ ಪದರ ಪದರವಾಗಿ ನೆಲಕ್ಕೆ ಹಾಸಿ, ಮೇಲೆ ಚೆಂದದ ತುಂಡುಗಳನ್ನು ಆರಿಸಿ ಇಟ್ಟು, ಅಂಚಿನಿಂದ ನಡುವಿಗೆ ಹೊಲಿಯುತ್ತ ತೆವಳುತ್ತಿದ್ದಳು. "ಮೇಲಿನ ಬಟ್ಟೆ ಹೊಗಳಿಸ್ಕೊಳ್ಳೋಕೆ, ಹೊಟ್ಟೆಯೊಳಗಿನ ಬಟ್ಟೆ ಬೆಚ್ಚಗಿಡೋಕೆ" ಅನ್ನುವುದು ಅವಳ ಮಾತು. ಲೋಕದ ವ್ಯವಹಾರವೂ ಹೀಗೇ ನಡೆಯುತ್ತದೆ ಎಂದು ಮಗಳಿಗೆ ತಿಳಿಯಲು ಇನ್ನೂ ನಲವತ್ತು ವರ್ಷ ಬೇಕಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಸಾಲು ಮುಗಿದಾಗ ಮೂರು ಹೊಲಿಗೆ ಹಿಂದಕ್ಕೆ ಬಂದು, ದಾರದ ತುದಿಯನ್ನು ಪದರಗಳ ನಡುವೆ ಹುಗಿಯಬೇಕು. ಏಳನೇ ವಯಸ್ಸಿನಲ್ಲಿ ಎಡಚಕ್ಕ ಸೋಮಾರಿತನಕ್ಕೆ ಒಂದು ಗಂಟು ಬಿಗಿದಳು. ಅಮ್ಮ ಕತ್ತರಿ ತಂದು ಕಚಕ್ಕನೆ ಕತ್ತರಿಸಿದಳು.

"ಯಾಕಮ್ಮಾ?"

"ಗಂಟು ಚುಚ್ಚುತ್ತೆ."

"ಯಾರಿಗೆ?"

"ಮಲಗಿದೋರಿಗೆ."

ಗಿರಾಕಿಗಳಿಗೆ ಇರಬೇಕು ಅಂದುಕೊಂಡು ಹುಡುಗಿ ಮುಂದಿನ ಸಾಲು ಹಿಡಿದಳು. ಅಂದಿನಿಂದ ಅವಳು ಒಂದು ಗಂಟೂ ಹಾಕಿದವಳಲ್ಲ. ಊರಿನ ಬೇರೆ ಕೌದಿಯವರೆಲ್ಲ ಗಂಟು ಹಾಕುತ್ತಾರೆ, ಅವರ ಕೌದಿಯೂ ಬೆಚ್ಚಗೇ ಇರುತ್ತದೆ ಎಂದು ಗೊತ್ತಿದ್ದರೂ ಹಾಕಲಿಲ್ಲ. ನಮ್ಮ ಹೊಲಿಗೆಯೇ ಬೇರೆ ಎಂದು ಅದರಲ್ಲೊಂದು ಜಂಬ.

ಈ ವರ್ಷ ಶಾಲೆಗೆ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಇತಿಹಾಸದ ಕಠಿಣ ವಿಷಯಗಳನ್ನು ಇನ್ನು ಮುಂದೆ ಚಟುವಟಿಕೆಯ ಮೂಲಕ ಕಲಿಸತಕ್ಕದ್ದು. ಯುದ್ಧಕ್ಕೆ ಮಣ್ಣಿನ ಮಾದರಿ, ಬರಗಾಲಕ್ಕೆ ಕಿರುನಾಟಕ, ಗುಲಾಮಗಿರಿಗೆ ಕೌದಿ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಸೂಚನೆ: ಮಕ್ಕಳ ಮನಸ್ಸಿಗೆ ನೋವಾಗದಂತೆ, ವರ್ಣಮಯವಾಗಿ. ಗುಲಾಮಗಿರಿಯನ್ನು ಬಣ್ಣಬಣ್ಣವಾಗಿ ಕಲಿಸಿ ಅನ್ನುವ ಮಹಾನುಭಾವರು ನಾಳೆ ಹಸಿವನ್ನು ರುಚಿರುಚಿಯಾಗಿ ಕಲಿಸಿ ಎಂದೂ ಬರೆದಾರು.

ಹೆಡ್‌ಮಿಸ್ ಎಡಚಕ್ಕನನ್ನು ಕರೆಸಿದರು.

"ಹೊಲಿಗೆ ಮಿಸ್, ನಿಮಗೆ ಗುಲಾಮಗಿರಿ ಬರುತ್ತಾ?"

"ಹನ್ನೊಂದು ವರ್ಷದಿಂದ ತಾತ್ಕಾಲಿಕ ಇದೀನಿ ಮೇಡಂ. ಸ್ವಲ್ಪ ಸ್ವಲ್ಪ ಬರುತ್ತೆ."

ಹೆಡ್‌ಮಿಸ್ ನಗಲಿಲ್ಲ. ಅವರು ಸುತ್ತೋಲೆ ಓದುವಾಗ ನಗುವವರಲ್ಲ. "ಇಸವಿಗಳನ್ನ ಇತಿಹಾಸದ ಮೇಷ್ಟ್ರು ಹೇಳ್ಕೊಡ್ತಾರೆ. ನೀವು ಕೌದಿ ಮಾಡ್ಸಿ. ಆರನೇ ಕ್ಲಾಸು, ಮೂವತ್ತೆಂಟು ಮಕ್ಕಳು. ಸಂಸ್ಥಾಪಕರ ದಿನಕ್ಕೆ ಸಭಾಂಗಣದ ಗೋಡೆಗೆ ತೂಗುಹಾಕ್ಬೇಕು. ಹಕ್ಕಿ ಇರ್ಲಿ. ಪಂಜರದಿಂದ ಹಾರೋ ಹಕ್ಕಿ."

"ಪಂಜರ ಯಾರು ಮಾಡಿದ್ರು ಅಂತ ಹೇಳ್ಲಾ?"

"ಅದೆಲ್ಲ ಮೇಲಿನ ಕ್ಲಾಸಿಗೆ ಬರುತ್ತೆ." ಆಮೇಲೆ ದನಿ ಇಳಿಸಿ, "ಚೆನ್ನಾಗಿ ಬಂದ್ರೆ ಈ ಸಲ ನಿಮ್ಮ ಫೈಲನ್ನ ಟ್ರಸ್ಟಿ ಮೇಡಂ ಮುಂದೆ ಇಡ್ತೀನಿ. ಕಾಯಂ. ಗೊತ್ತಾಯ್ತಲ್ಲ?"

ಗೊತ್ತಾಯಿತು. ಹನ್ನೊಂದು ವರ್ಷದ ಹಸಿದ ಕಿವಿಗೆ ಆ ಎರಡಕ್ಷರ ಗೊತ್ತಾಗದೆ ಇದ್ದೀತೇ?

ಆರನೇ ಕ್ಲಾಸಿನ ಪಾಠಪುಸ್ತಕದಲ್ಲಿ ಗುಲಾಮಗಿರಿಗೆ ಒಂದೂವರೆ ಪುಟ. ಅದರಲ್ಲಿ ಅರ್ಧ ಪುಟ ಚಿತ್ರ. ಅದರ ಪ್ರಕಾರ ಗುಲಾಮಗಿರಿ ಎಂಬುದು ಬಹಳ ಹಿಂದೆ, ಬಹಳ ದೂರದಲ್ಲಿ, ಬೇರೆ ಯಾರೋ ಮಾಡಿದ ಕೆಲಸ. ನಿಲ್ಲಿಸಿದ್ದು ಮಾತ್ರ ನಮ್ಮವರು. ಆ ಶಾಲೆಯನ್ನು ಕಟ್ಟಿದ ಸಂಸ್ಥಾಪಕ ಸಕ್ಕರೆಯ ಧಣಿ. ಬಾಗಿಲ ಮೇಲಿನ ಕಲ್ಲಿನಲ್ಲಿ ಅವನನ್ನು 'ನೂರಾರು ನಿರ್ಗತಿಕರ ಆಶ್ರಯದಾತ' ಎಂದು ಕೆತ್ತಿದ್ದಾರೆ. ಆ ನಿರ್ಗತಿಕರನ್ನು ಅವನು ಸಂತೆಯಲ್ಲಿ ಹಲ್ಲು ನೋಡಿ, ತೋಳು ಹಿಚುಕಿ ಆರಿಸಿಕೊಂಡು ಬಂದ ಎಂದು ಊರಿಗೆಲ್ಲ ಗೊತ್ತು. ಕಲ್ಲಿಗೆ ಮಾತ್ರ ಗೊತ್ತಿಲ್ಲ.

ಹೊಲಿಗೆ ಕ್ಲಾಸು ನಡೆಯುವುದು ವೇದಿಕೆಯ ಹಿಂದಿನ ಕೋಣೆಯಲ್ಲಿ. ಕಾಲು ಮುರಿದ ಬೆಂಚುಗಳು, ಬಹುಮಾನದ ಕಪ್ಪುಗಳ ಖಾಲಿ ಪೆಟ್ಟಿಗೆಗಳು, ಒಂದು ಒಳ್ಳೆಯ ಕಿಟಕಿ. ಎಡಚಕ್ಕ ಮೊದಲ ಎರಡು ವಾರ ಗುಲಾಮಗಿರಿಯ ಸೊಲ್ಲೇ ಎತ್ತಲಿಲ್ಲ. ಒಂದೊಂದು ಮಗುವಿಗೆ ಅಂಗೈಯಗಲದ ಎರಡು ಬಟ್ಟೆ ಕೊಟ್ಟು ಹೊಲಿಯಲು ಕಲಿಸಿದಳು. ಬೆರಳು ಚುಚ್ಚಿಕೊಂಡರು, ದಾರ ಸಿಕ್ಕುಮಾಡಿಕೊಂಡರು, ಒಬ್ಬ ತನ್ನ ಚಡ್ಡಿಯನ್ನೇ ಸೇರಿಸಿ ಹೊಲಿದುಕೊಂಡು ಎದ್ದು ನಿಲ್ಲಲಾಗದೆ ಕೂತ. ಕೊನೆಗೆ ಮೂವತ್ತೆಂಟು ತುಂಡುಗಳು ಸಿದ್ಧವಾದವು. ಪ್ರತಿಯೊಂದಕ್ಕೂ ಹೆಸರಿನ ಚೀಟಿ ಅಂಟಿಸಿಕೊಂಡು ಮಕ್ಕಳು ಬೀಗುತ್ತಿದ್ದರು.

ಆ ದಿನ ಅವಳು ಬಂದವಳೇ ಚೀಟಿಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿದಳು. ತುಂಡುಗಳನ್ನು ಒಟ್ಟು ಮಾಡಿ ಮೇಲೊಂದು ಹೊಸ ಚೀಟಿ ಇಟ್ಟಳು: ಹೊಲಿದವರು, ಇತಿಹಾಸದ ಮೇಷ್ಟ್ರು.

ಮೂಲೆಯಲ್ಲಿ ಇಸವಿಗಳ ಪಟ್ಟಿ ಬರೆಯುತ್ತ ಕೂತಿದ್ದ ಮೇಷ್ಟ್ರು ಬೆಚ್ಚಿಬಿದ್ದರು. "ಅಯ್ಯೋ, ನಂಗೆ ಅಂಗಿಗೆ ಗುಂಡಿ ಹಚ್ಚೋಕೂ ಬರಲ್ಲ!"

"ಬರಬೇಕಾಗಿಲ್ಲ ಮೇಷ್ಟ್ರೇ. ನೀವು ಮೇಷ್ಟ್ರು, ಅಷ್ಟು ಸಾಕು."

ಕೋಣೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು.

"ಮಿಸ್, ಅದು ನಂದು!"

"ಹೆಂಗೆ ನಿಂದು? ಬಟ್ಟೆ ನಂದು, ದಾರ ನಂದು, ಸೂಜಿ ನಂದು, ನೀನು ಕೂತ ಚಾಪೆ ನಂದು."

"ಆದ್ರೆ ಹೊಲಿದಿದ್ದು ನಾನಲ್ವಾ? ಕೈ ನಂದಲ್ವಾ?" ಕೇಳಿದವಳು ಎರಡನೇ ಸಾಲಿನ ಹುಡುಗಿ. ಯಾವುದಕ್ಕೂ ಯಾಕೆ, ಹೇಗೆ ಅನ್ನದೆ ಬಿಡದವಳಾದ್ದರಿಂದ ಅವಳನ್ನು ಇಡೀ ಶಾಲೆಯೇ ಯಾಕಮ್ಮ ಅನ್ನುತ್ತಿತ್ತು.

"ಕೈನೂ ನಂದು ಅಂದ್ರೆ?" ಎಂದಳು ಎಡಚಕ್ಕ. "ನಿನ್ನನ್ನ ನಾನು ಕೊಂಡ್ಕೊಂಡು ಬಂದಿದೀನಿ. ನೀನೂ ನಂದೇ. ಈಗ ಏನು ಮಾಡ್ತೀಯಾ?"

ಯಾಕಮ್ಮ ತನ್ನೆರಡು ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಳು. ಹಿಂದಿನ ಸಾಲಿನಲ್ಲಿ ಚಡ್ಡಿ ಹೊಲಿದುಕೊಂಡಿದ್ದ ಹುಡುಗ ಬಿಕ್ಕಿದ. ಒಂದೂವರೆ ಪುಟ ಇಷ್ಟು ವರ್ಷ ಮಾಡಲಾಗದ ಕೆಲಸ ಅರ್ಧ ನಿಮಿಷದಲ್ಲಿ ಆಗಿತ್ತು. ಮಕ್ಕಳ ಮನಸ್ಸಿಗೆ ನೋವಾಗಿತ್ತು. ಸುತ್ತೋಲೆ ಬರೆದವನು ಅಲ್ಲಿದ್ದಿದ್ದರೆ ಅವಳನ್ನು ಅಮಾನತು ಮಾಡುತ್ತಿದ್ದ.

"ಸರಿ, ಅಳಬೇಡಿ. ಚೀಟಿ ಹೋಯ್ತು, ಹೊಲಿಗೆ ಎಲ್ಲಿಗೆ ಹೋಗುತ್ತೆ? ನಿಮ್ಮ ನಿಮ್ಮದು ಹುಡುಕ್ಕೊಳ್ಳಿ ನೋಡೋಣ."

ಹುಡುಕಿಕೊಂಡರು. ಒಬ್ಬಳ ಹೊಲಿಗೆ ಅಕ್ಕಿಕಾಳಿನಷ್ಟು ಚಿಕ್ಕದು, ಇನ್ನೊಬ್ಬನದು ಓಡುವವನ ಹೆಜ್ಜೆಯ ಹಾಗೆ ದಾಪುಗಾಲು, ಮತ್ತೊಬ್ಬನದು ಬೆಟ್ಟ ಹತ್ತುತ್ತದೆ. ಬಲಗೈಯವರ ಸಾಲು ಬಲದಿಂದ ಎಡಕ್ಕೆ ಹೋಗಿ ಮುಗಿಯುತ್ತದೆ, ಎಡಗೈಯವರದು ಎಡದಿಂದ ಬಲಕ್ಕೆ. ಹಿಂದಕ್ಕೆ ಬಂದ ಮೂರು ಹೊಲಿಗೆ ಯಾವ ಕಡೆ ಇದೆ ಎಂದು ನೋಡಿದರೆ ಸಾಕು, ಕೈ ಯಾವುದು ಎಂದು ತಿಳಿಯುತ್ತದೆ. ಒಂದು ವಾರದಲ್ಲಿ ಆ ಮೂವತ್ತೆಂಟು ಮಕ್ಕಳು ಕಣ್ಣು ಮುಚ್ಚಿ ಬೆರಳಾಡಿಸಿ ಇದು ಯಾರ ಕೈ ಎಂದು ಹೇಳುವ ಹಾಗಾದರು.

ಎಡವಟ್ಟು ಶುರುವಾದದ್ದು ಅಲ್ಲಿಂದ.

ಹೆಡ್‌ಮಿಸ್ ಕೋಣೆಯ ಪಕ್ಕದಲ್ಲಿ ಸಂಸ್ಥಾಪಕರ ಕೋಣೆ. ಅವನ ಕುರ್ಚಿ, ಅವನ ಕೋಲು, ಒಂದು ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಕೆಂಪು ತೇಪೆಗಳ ದೊಡ್ಡ ಕೌದಿ. ಕೆಳಗೆ ಹಿತ್ತಾಳೆಯ ಫಲಕ: 'ಸಂಸ್ಥಾಪಕರ ಧರ್ಮಪತ್ನಿಯವರು ಸ್ವಹಸ್ತದಿಂದ ಹೊಲಿದ ಕೌದಿ'. ಆ ಕೌದಿ ತೂಗುಹಾಕಿದ್ದ ಕೊಂಡಿಗೆ ಸಿಕ್ಕಿ ಅಂಚಿನಲ್ಲಿ ಗೇಣುದ್ದ ಹರಿದಿತ್ತು. ಸಂಸ್ಥಾಪಕರ ದಿನದೊಳಗೆ ಸರಿಮಾಡಿ ಎಂದು ಎಡಚಕ್ಕನಿಗೆ ಹೇಳಿದರು. ಶಾಲೆಯ ಬೀಗಗಳೆಲ್ಲವೂ ಸೊಂಟದಲ್ಲಿ ನೇತಾಡುವ ಬೀಗದ ತಾತ ಪೆಟ್ಟಿಗೆ ತೆಗೆದುಕೊಟ್ಟ.

"ಮುಟ್ಟೋಕೆ ಮುಂಚೆ ಕೈ ತೊಳ್ಕೊಳವ್ವಾ. ದೊಡ್ಡಮ್ಮನವರ ಕೈ ಆಡಿದ ಬಟ್ಟೆ."

ಎಡಚಕ್ಕ ಕೌದಿಯನ್ನು ಬೆಳಕಿಗೆಂದು ಕ್ಲಾಸಿಗೆ ಹೊತ್ತು ತಂದು, ಕವುಚಿ ಹಾಸಿದಳು. ಬೆನ್ನಿನ ಕಡೆ ಬಿಳಿ ಬಟ್ಟೆ. ಅದರ ಮೇಲೆ ಅಂಗೈ ಸವರಿದಳು. ಮತ್ತೊಮ್ಮೆ ಸವರಿದಳು. ಎಲ್ಲೂ ಗಂಟಿಲ್ಲ. ಪ್ರತಿ ಸಾಲಿನ ಕೊನೆಯಲ್ಲೂ ಮೂರು ಹೊಲಿಗೆ ಹಿಂದಕ್ಕೆ ಬಂದು, ತುದಿ ಒಳಗೆ ಹುಗಿದಿದೆ. ಕಾಲು ಭಾಗ ಸಾಲುಗಳಲ್ಲಿ ಆ ಮೂರು ಹೊಲಿಗೆ ಇದ್ದದ್ದು ಬಲ ಅಂಚಿನಲ್ಲಿ. ಎಡಗೈ. ಅವಳು ಚಾಪೆಯ ಮೇಲೆ ಕೂತು ಆ ಸಾಲುಗಳ ಪಕ್ಕದಲ್ಲಿ ತನ್ನ ಎಡಗೈ ಇಟ್ಟು ನೋಡಿದಳು.

ಮಕ್ಕಳು ಬಿಡುತ್ತಾರೆಯೇ? ಇರುವೆ ಮುತ್ತಿದ ಹಾಗೆ ಸುತ್ತ ಮುತ್ತಿದರು. ಯಾರೂ ಹೇಳದೆಯೇ ಎಣಿಸತೊಡಗಿದರು.

"ಇಲ್ಲಿ ಅಕ್ಕಿಕಾಳು ಕೈ. ಇದು ಒಂದು."

"ಇದು ದಾಪುಗಾಲು. ಎರಡು."

"ಎಡಗೈ, ನಮ್ಮ ಮಿಸ್ ಥರ. ಮೂರು."

"ಇದು ದಾರ ಜಾಸ್ತಿ ಎಳೀತಾರೆ, ಬಟ್ಟೆ ಸುಕ್ಕಾಗಿದೆ. ನಾಲ್ಕು."

ಚಡ್ಡಿ ಹುಡುಗ ಒಂದು ಮೂಲೆಗೆ ಮೂಗು ತಾಗಿಸಿದ್ದ. "ಮಿಸ್, ಇದು ನಮ್ಮ ವಯಸ್ಸಿನೋರದ್ದು. ಬೆಟ್ಟ ಹತ್ತುತ್ತೆ ನೋಡಿ, ನಂದರ ಥರಾನೇ." ಸ್ವಲ್ಪ ಮುಂದಕ್ಕೆ ಬೆರಳು ಸರಿಸಿ, "ಆದ್ರೆ ಇಲ್ಲಿಂದ ಇದ್ದಕ್ಕಿದ್ದ ಹಾಗೆ ನೆಟ್ಟಗಾಗಿದೆ. ಏಟು ಬಿದ್ದಿರ್ಬೇಕು."

ಐದು, ಎಂದು ಯಾಕಮ್ಮ ಕರಿಹಲಗೆಯ ಮೇಲೆ ಬರೆದಳು. ಇತಿಹಾಸದ ಮೇಷ್ಟ್ರು ಎದ್ದು ಬಂದು, ಕೌದಿ ನೋಡಿ, ಹಲಗೆ ನೋಡಿ, ಕನ್ನಡಕ ಒರೆಸಿಕೊಂಡು, "ಈ ವಿಷಯ ಪರೀಕ್ಷೆಗೆ ಬರಲ್ಲ ಮಕ್ಕಳೇ" ಅಂದರು. ಪಾಪ, ಅವರ ಕೈಲಾದ ಸಮಾಧಾನ ಅದೊಂದೇ.

ಮುಂದಿನ ವಾರ ಟ್ರಸ್ಟಿ ಮೇಡಂ ಬಂದರು. ಸಂಸ್ಥಾಪಕನ ಮರಿಮೊಮ್ಮಗಳು. ಮಕ್ಕಳ ಕೌದಿಗೆ 'ಮೊದಲ ಹೊಲಿಗೆ' ಹಾಕುವ ಸಮಾರಂಭ. ಕೌದಿ ಅಷ್ಟರಲ್ಲಿ ಮುಕ್ಕಾಲು ಮುಗಿದಿತ್ತು; ಆದರೆ ದೊಡ್ಡವರು ಯಾವಾಗ ಹಾಕಿದರೂ ಅದೇ ಮೊದಲ ಹೊಲಿಗೆ. ತಟ್ಟೆಯಲ್ಲಿ ದಾರ ಪೋಣಿಸಿದ ಸೂಜಿ ಇಟ್ಟು ಹೆಡ್‌ಮಿಸ್ ಮುಂದೆ ನಿಂತರು. ಫೋಟೋದವನು ಮಂಡಿಯೂರಿದ.

"ನಮ್ಮ ಮುತ್ತಜ್ಜಿ ಹಗಲೂ ರಾತ್ರಿ ಹೊಲೀತಿದ್ರಂತೆ," ಎಂದರು ಟ್ರಸ್ಟಿ ಮೇಡಂ ಸೂಜಿ ಎತ್ತಿಕೊಳ್ಳುತ್ತ. "ಹೊಲಿಗೆ ನಮ್ಮ ರಕ್ತದಲ್ಲೇ ಇದೆ ಮಕ್ಕಳೇ."

ಚುಚ್ಚಿದರು. ಎಳೆದರು. ಸೂಜಿಯನ್ನು ಮೇಲಕ್ಕೆತ್ತಿ ಕ್ಯಾಮೆರಾ ಕಡೆ ನಕ್ಕರು. "ಇನ್ನೂ ಸ್ವಲ್ಪ ಮೇಲೆ ಮೇಡಂ" ಅಂದ ಫೋಟೋದವನು. ಅವರು ಇನ್ನೂ ಸ್ವಲ್ಪ ಮೇಲೆತ್ತಿದರು. ದಾರ ಪೂರ್ತಿಯಾಗಿ ಬಟ್ಟೆಯಿಂದ ಜಾರಿ ಬಂದು ಗಾಳಿಯಲ್ಲಿ ತೊನೆಯಿತು.

"ಬಂದ್ಬಿಡ್ತು!" ಮೂವತ್ತೆಂಟು ಬಾಯಿ ಒಟ್ಟಿಗೆ.

"ಮೇಡಂ," ಎಂದಳು ಯಾಕಮ್ಮ, ಬಹಳ ಮರ್ಯಾದೆಯಿಂದ, "ನೀವು ಗಂಟೂ ಹಾಕಿಲ್ಲ, ಹಿಂದಕ್ಕೂ ಬಂದಿಲ್ಲ. ಹಂಗೆ ಎಳೆದ್ರೆ ನಿಲ್ಲಲ್ಲ."

"ಓಹ್! ಜಾಣೆ," ಎಂದರು ಮೇಡಂ, ನಗುವನ್ನು ಮುಖದಲ್ಲೇ ಹಿಡಿದಿಟ್ಟುಕೊಂಡು.

"ಮೇಡಂ, ಇನ್ನೊಂದು. ನಿಮ್ಮ ಮುತ್ತಜ್ಜಿಗೆ ಐದು ಜೊತೆ ಕೈ ಇತ್ತಾ?"

"ಏನಂದೆ?"

"ಆ ಗಾಜಿನ ಪೆಟ್ಟಿಗೆ ಕೌದೀಲಿ ಐದು ಜನರ ಹೊಲಿಗೆ ಇದೆ. ಒಬ್ರು ಎಡಗೈ. ಒಬ್ರು ನಮ್ಮಷ್ಟೇ ಚಿಕ್ಕೋರು. ಸ್ವಹಸ್ತ ಅಂತ ಬರೆದಿದ್ರಲ್ಲ, ಅದಕ್ಕೆ ಕೇಳ್ದೆ."

ಫೋಟೋದವನು ಅಭ್ಯಾಸಬಲದಿಂದ ಇನ್ನೊಂದು ಫೋಟೋ ತೆಗೆದ. ಅದು ಶಾಲೆಯ ಪತ್ರಿಕೆಯಲ್ಲಿ ಬರಲಿಲ್ಲ.

ಅರ್ಧ ಗಂಟೆಯ ನಂತರ ಎಡಚಕ್ಕ ಹೆಡ್‌ಮಿಸ್ ಕೋಣೆಯಲ್ಲಿ ನಿಂತಿದ್ದಳು. ಅವಳ ಫೈಲು ಮೇಜಿನ ಮೇಲಿತ್ತು. ಹನ್ನೊಂದು ವರ್ಷದಲ್ಲಿ ಅವಳು ಅದನ್ನು ನೋಡಿದ್ದು ಅಂದೇ. ಇಷ್ಟು ತೆಳ್ಳಗಿದೆಯೇ ಅನ್ನಿಸಿತು.

"ನಿಮಗೆ ಹಕ್ಕಿ ಹಾಕ್ಸಿ ಅಂದೆ," ಎಂದರು ಹೆಡ್‌ಮಿಸ್. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಮೂವತ್ತೆಂಟು ಹಕ್ಕಿ. ಅಷ್ಟೇ ಕೇಳಿದ್ದು ನಾನು."

"ಹಾಕಿದಾರೆ ಮೇಡಂ, ಹಕ್ಕಿನೂ ಇದಾವೆ."

"ಸಂಸ್ಥಾಪಕರ ದಿನ ಶುಕ್ರವಾರ. ಅವತ್ತು ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಮೈಕಲ್ಲಿ ಒಂದು ಮಾತು ಹೇಳ್ಬಿಡಿ. ನಂದು ತಪ್ಪಾಯ್ತು, ಎಣಿಸಿದ್ದು ಸರಿಯಿಲ್ಲ, ಆ ಕೌದಿ ದೊಡ್ಡಮ್ಮನವರದೇ ಅಂತ. ಟ್ರಸ್ಟಿ ಮೇಡಂ ದೊಡ್ಡ ಮನಸ್ಸು ಮಾಡಿದಾರೆ. ಹೇಳಿದ್ರೆ ಸೋಮವಾರವೇ ಕಾಯಂ ಆದೇಶ. ಹೇಳ್ಲಿಲ್ಲ ಅಂದ್ರೆ..." ಫೈಲನ್ನು ಮುಚ್ಚಿದರು. "ನಿಮಗೂ ವಯಸ್ಸಾದ ತಾಯಿ ಇದಾರೆ. ಹಾಂ, ಆ ಹರಿದಿದ್ದನ್ನೂ ಅಷ್ಟರೊಳಗೆ ಹೊಲಿದುಬಿಡಿ."

ಮನೆಗೆ ಬಂದಾಗ ಅಮ್ಮ ಮುಂದಿನ ಕೋಣೆಯಲ್ಲಿ ಯಾರದೋ ಕೋಟಿನ ಒಳಪದರ ಬಿಚ್ಚುತ್ತಿದ್ದಳು. ಎಪ್ಪತ್ತೆಂಟು ವಯಸ್ಸು, ಕಣ್ಣು ಮಂಜಾದರೂ ನಾಲಗೆ ಮಂಜಾಗಿರಲಿಲ್ಲ.

"ಏನೇ, ಮುಖ ಹಿಂಡಿದ ಬಟ್ಟೆ ಥರ ಆಗಿದೆ?"

"ಅಮ್ಮಾ, ಗಂಟು ಚುಚ್ಚುತ್ತೆ ಅಂತಿದ್ಯಲ್ಲ. ಮಲಗಿದೋರು ಅಂದ್ರೆ ಯಾರು?"

"ನಲವತ್ತು ವರ್ಷ ಆದ್ಮೇಲೆ ನೆನಪಾಯ್ತಾ ಕೇಳೋಕೆ?"

"ಹೇಳಮ್ಮಾ."

ಅಮ್ಮ ಕತ್ತರಿ ಕೆಳಗಿಟ್ಟಳು. "ನಮ್ಮಜ್ಜಿ ಅಜ್ಜಿ. ಸಕ್ಕರೆ ದೊಡ್ಡಮನೇಲಿ ಇದ್ದಳಂತೆ. ಇದ್ದಳು ಅಂದ್ರೆ ಇಟ್ಕೊಂಡಿದ್ರು, ಕೊಂಡ ಹಸು ಥರ. ಹೊಸ ಕೌದಿ ಆದಾಗೆಲ್ಲ ಯಜಮಾನಿ ಬರಿ ಬೆನ್ನಲ್ಲಿ ಅದರ ಮೇಲೆ ಹೊರಳಿ ನೋಡೋಳಂತೆ. ಎಲ್ಲಾದ್ರೂ ಗಂಟು ಚುಚ್ಚಿದ್ರೆ, ಹೊಲಿದೋಳ ಬೆರಳಿಗೆ ಅದೇ ಸೂಜಿ. ಉಗುರಿನ ಕೆಳಗೆ. ಅದಕ್ಕೇ ಗಂಟಿಲ್ಲದೆ ಹೊಲಿಯೋದು ಕಲಿತರಂತೆ. ಮಗಳಿಗೆ ಕಲಿಸಿದಳು, ಮಗಳು ಅವಳ ಮಗಳಿಗೆ."

ಎಡಚಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ನಲವತ್ತು ವರ್ಷ ಜಂಬಪಟ್ಟುಕೊಂಡ ಹೊಲಿಗೆ. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಅದೇನು ಒಡವೆನಾ?" ಅಮ್ಮ ಸಿಡುಕಿದಳು. "ಹೊಲಿಗೆ ಕೊಟ್ಟೆ. ಅದರ ಜೊತೆ ಹೆದರಿಕೆನೂ ಯಾಕೆ ಕೊಡ್ಲಿ?"

ಕೊಡದೆಯೇ ಕೊಟ್ಟಿದ್ದಳು ಎಂದು ಮಗಳು ಹೇಳಲಿಲ್ಲ. ಸೋಮವಾರದ ಆದೇಶದ ಸಂಗತಿ ಹೇಳಿದಳು. ಅಮ್ಮ ಕೇಳಿಸಿಕೊಂಡು, ಕೋಟನ್ನು ಮತ್ತೆ ಕೈಗೆತ್ತಿಕೊಂಡು, "ಕಾಯಂ ಆದ್ರೆ ಒಳ್ಳೇದೇ ಕಣೇ," ಅಂದಳು. ಒಂದೆಳೆ ದಾರ ಕಿತ್ತು, "ಅವಳೂ ಅಲ್ಲಿ ಕಾಯಮ್ಮೇ ಇದ್ದಳು" ಅಂದಳು.

ಗುರುವಾರ ಮಧ್ಯಾಹ್ನ ಎಡಚಕ್ಕ ಒಬ್ಬಳೇ ಕೂತು ಹರಿದದ್ದನ್ನು ಹೊಲಿದಳು. ಬೀಗದ ತಾತ ಬಾಗಿಲಲ್ಲಿ ಕೂತು ಕಾದ. ಅವಳು ಸಾಲು ಮುಗಿಸಿ, ಕೊನೆಯಲ್ಲಿ ಬಹಳ ಹೊತ್ತು ಸೂಜಿ ಹಿಡಿದುಕೊಂಡೇ ಕೂತದ್ದನ್ನು ಅವನು ನೋಡಿದ. ನಿದ್ದೆ ಬಂತೇನವ್ವಾ ಎಂದು ಕೇಳಿದ. ಇಲ್ಲ ತಾತ, ಮುಗೀತು, ಎಂದು ದಾರ ಕತ್ತರಿಸಿದಳು.

ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಶಾಲೆಯೆಲ್ಲ ಸಾಲು ನಿಂತಿತ್ತು. ವೇದಿಕೆಯ ಮೇಲೆ ಟ್ರಸ್ಟಿ ಮೇಡಂ, ಹೆಡ್‌ಮಿಸ್, ಸಂಸ್ಥಾಪಕನ ಚಿತ್ರ. ಹೆಡ್‌ಮಿಸ್ ಮೈಕನ್ನು ಎಡಚಕ್ಕನ ಎತ್ತರಕ್ಕೆ ತಾವೇ ಇಳಿಸಿಕೊಟ್ಟರು. ಹನ್ನೊಂದು ವರ್ಷದಲ್ಲಿ ಶಾಲೆ ಅವಳಿಗೆ ಮಾಡಿದ ಮೊದಲ ಉಪಚಾರ. ಆರನೇ ಕ್ಲಾಸಿನ ಸಾಲಿನಲ್ಲಿ ಯಾಕಮ್ಮ ನೆಲ ನೋಡುತ್ತಿದ್ದಳು. ಮಿಸ್ ಇವತ್ತು ತಪ್ಪೊಪ್ಪಿಕೊಳ್ಳುತ್ತಾರೆ ಎಂದು ಸುದ್ದಿ ಹಬ್ಬಿತ್ತು.

"ಮಕ್ಕಳೇ," ಎಂದಳು ಎಡಚಕ್ಕ. ಮೈಕು ಕಿರ್ರೆಂದಿತು. "ನಂದು ತಪ್ಪಾಯ್ತು."

ಹೆಡ್‌ಮಿಸ್ ಉಸಿರು ಬಿಟ್ಟರು. ಟ್ರಸ್ಟಿ ಮೇಡಂ ದೊಡ್ಡ ಮನಸ್ಸಿನಿಂದ ತಲೆಯಾಡಿಸಿದರು.

"ಆ ಗಾಜಿನ ಪೆಟ್ಟಿಗೆ ಕೌದೀಲಿ ಐದು ಕೈ ಇದೆ ಅಂತ ನಾವು ಎಣಿಸಿದ್ವಿ. ಅದು ತಪ್ಪು. ನಿನ್ನೆ ನಾನು ಸರಿಯಾಗಿ ನೋಡ್ದೆ." ಎಡಗೈಯಿಂದ ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಆರು."

ಸಾಲುಗಳು ಮುಂದಕ್ಕೆ ಬಾಗಿದವು.

"ಆರನೇದು ಯಾರದು ಮಿಸ್?" ಮೈಕಿಲ್ಲದೆಯೇ ಯಾಕಮ್ಮನ ದನಿ ಗೇಟಿನವರೆಗೂ ಕೇಳಿತು.

"ಹರಿದಿದ್ದನ್ನ ಹೊಲಿದೋಳದ್ದು. ನಂದು. ಎಡ ಅಂಚಲ್ಲಿ ಇದೆ. ಹುಡುಕೋದು ಸುಲಭ, ನಾನು ಗಂಟು ಹಾಕಿದೀನಿ. ಆ ಕೌದೀಲಿ ಅದೊಂದೇ ಗಂಟು. ಐದು ಜನರಲ್ಲಿ ಎಡಗೈಯೋಳು ನಮ್ಮಮ್ಮನ ಅಜ್ಜಿಯ ಅಜ್ಜಿನೋ, ಅವಳ ಅಮ್ಮನೋ, ಅಕ್ಕನೋ, ನಂಗೆ ಗೊತ್ತಿಲ್ಲ, ಬರೆದಿಟ್ಟೋರಿಲ್ಲ. ಅವಳಿಗೆ ಗಂಟು ಹಾಕೋಕೆ ಬಿಡ್ಲಿಲ್ಲ, ಮಲಗಿದೋರಿಗೆ ಚುಚ್ಚುತ್ತೆ ಅಂತ. ಅದಕ್ಕೆ ಅವಳ ಬದಲು ನಾನು ಹಾಕ್ದೆ. ಅಷ್ಟೇ. ಸಾಲಾಗಿ ಕ್ಲಾಸಿಗೆ ಹೋಗಿ."

ಇದಾದ ಮೇಲೆ ಆಗಬೇಕಾದದ್ದು ಆಗಲಿಲ್ಲ. ಸಂಸ್ಥೆಗಳ ಸೊಗಸೇ ಅದು. ಅವಳನ್ನು ಆ ಕ್ಷಣವೇ ತೆಗೆಯಬೇಕೆಂದು ಟ್ರಸ್ಟಿ ಮೇಡಂ ಅಂದರು. ಆದರೆ ಅಂಗಳದಲ್ಲಿ ಪೋಷಕರಿದ್ದರು, ಇಲಾಖೆಯವರಿದ್ದರು, ಇಲಾಖೆಯವರಂತೂ ಇದನ್ನೂ ಚಟುವಟಿಕೆಯ ಭಾಗವೆಂದೇ ತಿಳಿದು ಚಪ್ಪಾಳೆ ತಟ್ಟಿದ್ದರು. ಹಾಗಾಗಿ ಒಂದು ಉಪಸಮಿತಿ ರಚನೆಯಾಯಿತು. ಫಲಕದ ಮಾತನ್ನೂ ಎಡಚಕ್ಕನ ಕೆಲಸವನ್ನೂ ಅದೇ ತೀರ್ಮಾನಿಸತಕ್ಕದ್ದು, ಮೊದಲು ಫಲಕ, ಆಮೇಲೆ ಅವಳು. ಹಳೆಯ ಹಿತ್ತಾಳೆ ಫಲಕವನ್ನು ತಿದ್ದುಪಡಿಗೆಂದು ಕಳಚಿ ಒಯ್ದರು. 'ಧರ್ಮಪತ್ನಿಯವರ ಪ್ರೇರಣೆಯಿಂದ' ಎಂದು ಒಬ್ಬರು ಬರೆದರು. 'ಮನೆಯ ಹೆಂಗಸರೆಲ್ಲ ಸೇರಿ ಪ್ರೀತಿಯಿಂದ' ಎಂದು ಇನ್ನೊಬ್ಬರು. ಇತಿಹಾಸದ ಮೇಷ್ಟ್ರನ್ನು ಸಮಿತಿಗೆ ಹಾಕಿದ್ದು ಅವರು ಯಾವುದಕ್ಕೂ ಇಲ್ಲವೆನ್ನುವವರಲ್ಲ ಎಂಬ ಭರವಸೆಯಿಂದ. ಆ ಮನುಷ್ಯ ಪ್ರತಿ ಸಭೆಯಲ್ಲೂ ಎದ್ದು, "ಕೊಂಡು ತಂದವರು ಅಂತ ಹಾಕೋಣ ಸ್ವಾಮಿ, ಎರಡೇ ಪದ" ಎಂದು ಹೇಳಿ ಕೂರುತ್ತಾರೆ. ಸಭೆ ಮುಂದಕ್ಕೆ ಹೋಗುತ್ತದೆ. ಎರಡು ವರ್ಷವಾಯಿತು. ಫಲಕವಿಲ್ಲ, ತೀರ್ಮಾನವಿಲ್ಲ, ತೀರ್ಮಾನವಿಲ್ಲದ್ದರಿಂದ ಎಡಚಕ್ಕ ಎಂದಿನ ಹಾಗೆ ತಾತ್ಕಾಲಿಕ.

ಮಕ್ಕಳ ಕೌದಿ ಸಭಾಂಗಣದ ಗೋಡೆಯಲ್ಲಿದೆ. ಅದರ ಕೆಳಗೆ ಮಾತ್ರ ಫಲಕ ಬೇಗನೇ ಬಂತು: 'ಟ್ರಸ್ಟಿ ಮೇಡಂ ಅವರ ಅಮೃತಹಸ್ತದಿಂದ ಪ್ರಾರಂಭಗೊಂಡಿತು'. ಅಂದು ಜಾರಿಬಿದ್ದ ದಾರವನ್ನು ಯಾರೂ ಮತ್ತೆ ಪೋಣಿಸಲಿಲ್ಲ. ಕೌದಿ ಗೋಡೆಗೇರುವ ಮೊದಲು ಮಕ್ಕಳು ನಮಗೂ ಗಂಟು ಬೇಕೆಂದು ಹಟ ಹಿಡಿದರು. ಒಬ್ಬೊಬ್ಬರೂ ತಮ್ಮ ಹಕ್ಕಿಯ ಮೇಲೆ, ಎದ್ದು ಕಾಣುವ ಹಾಗೆ, ತಮಗೆ ಬೇಕಾದ ಬಣ್ಣದಲ್ಲಿ ಒಂದೊಂದು ಗಂಟು ಬಿಗಿದರು. ಮೂವತ್ತೆಂಟು. ಬಹಳ ವರ್ಣಮಯವಾಗಿದೆ ಎಂದು ಇಲಾಖೆ ಮೆಚ್ಚಿ ಬರೆಯಿತು.

ಇನ್ನು ಸಂಸ್ಥಾಪಕರ ಕೋಣೆಗೆ ಬಂದವರು ಫಲಕ ಕಾಣದೆ ಬೀಗದ ತಾತನನ್ನು ಕೇಳುತ್ತಾರೆ, ಇದನ್ನು ಹೊಲಿದವರು ಯಾರು ಎಂದು. ತಾತ ಓದು ಬರಹ ಬಲ್ಲವನಲ್ಲ. ಮೊದಲು ಹೆಡ್‌ಮಿಸ್ ಹೇಳಿಕೊಟ್ಟದ್ದನ್ನು ಹೇಳುತ್ತಿದ್ದ, ಈಗ ಮಕ್ಕಳು ಹೇಳಿಕೊಟ್ಟದ್ದನ್ನು ಹೇಳುತ್ತಾನೆ.

"ಐದು ಜನ ಹೊಲಿದದ್ದು ಸ್ವಾಮಿ. ಕೊಂಡು ತಂದ ಹೆಂಗಸರು. ಒಬ್ಬಳು ಎಡಚಿ. ಒಬ್ಬಳು ಮಗು, ಈ ಮೂಲೆ ಅವಳದ್ದು. ಆರನೆಯವಳು ಈಗ ಅಲ್ಲಿ ಹಿಂದಿನ ಕೋಣೇಲಿ ಕ್ಲಾಸ್ ಮಾಡ್ತಾ ಇದಾಳೆ." ಸೊಂಟದಿಂದ ಬೀಗದ ಕೈ ತೆಗೆದು, ಅತ್ತಿತ್ತ ನೋಡಿ, ಗಾಜಿನ ಬಾಗಿಲನ್ನು ಒಂದಿಷ್ಟು ಸರಿಸುತ್ತಾನೆ. "ಕೈ ತೊಳ್ಕೊಂಡಿದೀರಾ? ಇಲ್ಲಿ, ಎಡ ಅಂಚಲ್ಲಿ ಸವರಿ ನೋಡಿ. ಇನ್ನೂ ಸ್ವಲ್ಪ ಕೆಳಗೆ. ಚುಚ್ಚಿತಾ?"

ಚುಚ್ಚಿತು ಅನ್ನುತ್ತಾರೆ ಬಂದವರು.

"ಚುಚ್ಚಲಿ," ಎಂದು ತಾತ ಗಾಜಿನ ಬಾಗಿಲು ಹಾಕುತ್ತಾನೆ.